ರ‍್ಯಾಮ್ ಪಾಳಿಯಲ್ಲಿ ನಿಮ್ಮ ನಂಬರ್ ಎಷ್ಟು?

ಪ್ರಶ್ನೆ: "ಸರ್, ಶರಣು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಂದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಹದಿನಾಲ್ಕು ವರ್ಷ ಆಯ್ತು. ಅಸೆಂಬಲ್ ಪಿಸಿ, ಲ್ಯಾಪ್‌ಟಾಪ್ ರಿಪೇರಿ, ಸಿಸಿಟಿವಿ ಕೆಲಸ ಮಾಡ್ತೀನಿ. 2025ರ ದೀಪಾವಳಿ ಮುಗಿದ ಮೇಲೆ ರ‍್ಯಾಮ್ ದರಕ್ಕೆ ಹುಚ್ಚು ಹಿಡಿದಂಗೆ ಆಗಿದೆ. ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರೋದಿಲ್ಲ. ಗಿರಾಕಿಗಳು ನನ್ನನ್ನೇ ಕಳ್ಳನ ಥರ ನೋಡ್ತಾರೆ. ಆಳಂದ ಕಡೆಯ ಒಂದು ಶಾಲೆಗೆ 12 ಕಂಪ್ಯೂಟರ್ ಕೊಡ್ತೀನಿ ಅಂತ ಹಳೇ ರೇಟಿಗೆ ಕೊಟೇಶನ್ ಬರೆದುಕೊಟ್ಟು ಕೂತಿದೀನಿ. ಹೈದರಾಬಾದಿನ ಹೋಲ್‌ಸೇಲ್‌ನವರು 'ಅಮೆರಿಕ–ಚೀನಾ ಜಗಳ ಜೋರಾಗಿದೆ, ಮುಂದೆ ಮಾಲೇ ಬರೋದಿಲ್ಲ, ಈಗಲೇ ಐದು ಲಕ್ಷದ ಮಾಲು ಎತ್ತಿ ಇಡ್ರಿ' ಅಂತಾರೆ. ಮನೆಯವಳ ಬಂಗಾರ ಇಟ್ಟು ಎತ್ತಲಾ? ಗುಜರಾತಿನ ಫ್ಯಾಕ್ಟರಿ ಶುರುವಾದರೆ ದರ ಬೀಳುತ್ತೆ ಅಂತಾನೂ ಹೇಳ್ತಾರೆ, ಅದು ಖರೇನಾ? ಇನ್ನೊಂದು ಮಾತು. ಮಗ ಪಿಯುಸಿ ಎರಡನೇ ವರ್ಷ. ಚಿಪ್ ಡಿಸೈನ್ ಕಲೀತೀನಿ ಅಂತ ಹಟ ಹಿಡಿದಿದಾನೆ. ಎರಡು ಲಕ್ಷ ಕೊಟ್ಟರೆ ಇಂಜಿನಿಯರಿಂಗ್ ಜೊತೆಗೇ ಕಲಿಸಿ ಕೆಲಸ ಗ್ಯಾರಂಟಿ ಕೊಡ್ತೀವಿ ಅಂತ ಒಂದು ಇನ್‌ಸ್ಟಿಟ್ಯೂಟ್‌ನವರು ಫೋನ್ ಮಾಡ್ತಾನೇ ಇದಾರೆ. ಏನು ಮಾಡ್ಲಿ?"

ಉತ್ತರ: ಮೊದಲು ಬಂಗಾರದ ವಿಷಯ ಮುಗಿಸಿಬಿಡೋಣ. ಅದು ಪೆಟ್ಟಿಗೆಯಲ್ಲೇ ಇರಲಿ. ಯಾಕೆ ಅಂತ ಹೇಳುತ್ತೇನೆ. ಆದರೆ ಈ ಉತ್ತರ ಓದಿ ಮುಗಿಸುವ ಮೊದಲೇ ಹೋಲ್‌ಸೇಲ್‌ನವರ ಫೋನ್ ಬಂದರೆ ಹೇಳಲು ಒಂದು ಮಾತು ಬೇಕಲ್ವಾ, ಅದಕ್ಕೆ ಇದನ್ನು ಮೊದಲೇ ಹೇಳಿದೆ.

ನಾನು ಹುಮನಾಬಾದ್ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಬಿಡಿಭಾಗ ಖರೀದಿಸುವ ಕೆಲಸ ಮಾಡಿದ್ದೇನೆ. ಚಿಪ್ ಹೇಗೆ ತಯಾರಾಗುತ್ತದೆ ಎನ್ನುವುದಕ್ಕಿಂತ ಅದು ಯಾರ ಕೈಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎನ್ನುವುದು ನನಗೆ ಜಾಸ್ತಿ ಗೊತ್ತು. ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರು ಇದ್ದರೂ ಆತಂಕ ಒಂದೇ: ದೊಡ್ಡವರ ಜಗಳದಲ್ಲಿ ನನ್ನ ಅಂಗಡಿ ಮುಳುಗುತ್ತದಾ ಅಂತ. ಜಗಳ ನಿಜ. ಆದರೆ ನಿಮ್ಮ ರ‍್ಯಾಮ್ ದರ ಏರಿದ್ದರಲ್ಲಿ ಜಗಳದ ಪಾಲು ಸಣ್ಣದು. ದೊಡ್ಡ ಪಾಲು ಪಾಳಿಯದ್ದು. ನಿಮಗಿಂತ ಸಾವಿರಾರು ಪಟ್ಟು ದೊಡ್ಡ ಗಿರಾಕಿಗಳು ಪಾಳಿಯಲ್ಲಿ ನಿಮ್ಮ ಮುಂದೆ ಬಂದು ನಿಂತಿದ್ದಾರೆ.

ರ‍್ಯಾಮ್ ಒಳಗಿನ ಕಪ್ಪು ಚಿಪ್‌ಗೆ ಡಿರ‍್ಯಾಮ್ ಎನ್ನುತ್ತಾರೆ, ನಿಮಗೆ ಗೊತ್ತಿರುವುದೇ. ಜಗತ್ತಿನ ಡಿರ‍್ಯಾಮ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಾಡುವವರು ಮೂರೇ ಕಂಪನಿ. ಕೊರಿಯಾದ ಸ್ಯಾಮ್‌ಸಂಗ್, ಕೊರಿಯಾದ್ದೇ ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ನಿಮ್ಮ ಕಪಾಟಿನಲ್ಲಿ ಹತ್ತು ಬ್ರಾಂಡಿನ ರ‍್ಯಾಮ್ ಇರಬಹುದು. ಸ್ಟಿಕ್ಕರ್ ಬೇರೆ ಬೇರೆ, ಒಳಗಿನ ಕಾಳು ಹೆಚ್ಚಾಗಿ ಈ ಮೂರು ಕಣದ್ದೇ. ಚೀನಾದ ಹೆಫೆಯಲ್ಲಿ ಸಿಎಕ್ಸ್‌ಎಂಟಿ ಅಂತ ನಾಲ್ಕನೆಯವನೊಬ್ಬ ಬೆಳೆಯುತ್ತಿದ್ದಾನೆ. ಅವನ ಕಥೆಗೆ ಆಮೇಲೆ ಬರುತ್ತೇನೆ.

ಈ ಮೂವರೂ 2023ರಲ್ಲಿ ಮೆಮೊರಿ ವ್ಯಾಪಾರದಲ್ಲಿ ಭಾರಿ ನಷ್ಟ ಅನುಭವಿಸಿದ್ದರು. ಕೊರೋನಾ ಕಾಲದಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಕೊಂಡರು, ಆಮೇಲೆ ಯಾರೂ ಕೊಳ್ಳಲಿಲ್ಲ. ಗೋದಾಮು ತುಂಬಿತು, ದರ ಬಿತ್ತು, ಉತ್ಪಾದನೆ ಕಡಿಮೆ ಮಾಡಿದರು. ಆ ಹೊತ್ತಿಗೆ ಬಂತು ಎಐ. ಎನ್‌ವಿಡಿಯಾದ ದೊಡ್ಡ ಎಐ ಚಿಪ್‌ಗಳ ಪಕ್ಕ ಒಂದು ವಿಶೇಷ ಮೆಮೊರಿ ಬೇಕು. ಎಚ್‌ಬಿಎಂ ಅಂತ ಹೆಸರು. ಡಿರ‍್ಯಾಮ್ ಪದರಗಳನ್ನು ರೊಟ್ಟಿ ಅಡಕಲಿಟ್ಟ ಹಾಗೆ ಒಂದರ ಮೇಲೊಂದು ಪೇರಿಸಿ ಮಾಡುವಂಥದ್ದು. ಅಷ್ಟೇ ಜಿಬಿ ಡಿಡಿಆರ್5, ಅಂದರೆ ಈಗಿನ ಪಿಸಿಯ ಸಾಮಾನ್ಯ ಮೆಮೊರಿ, ಮಾಡುವುದಕ್ಕಿಂತ ಇದಕ್ಕೆ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಬೇಕಾಗುತ್ತದೆ ಎಂದು ಮೈಕ್ರಾನ್ ಹೇಳಿದೆ. ಈ ಬಿಲ್ಲೆಗೇ ವೇಫರ್ ಎನ್ನುತ್ತಾರೆ. ಲಾಭವೂ ಎಚ್‌ಬಿಎಂನಲ್ಲೇ ಜಾಸ್ತಿ. ನೀವು ಫ್ಯಾಕ್ಟರಿ ಮಾಲೀಕರಾಗಿದ್ದರೆ ಯಾವುದನ್ನು ಮಾಡುತ್ತಿದ್ದಿರಿ?

2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಜೊತೆ ಪ್ರಾಥಮಿಕ ಒಪ್ಪಂದ ಮಾಡಿಕೊಂಡಿತು. ತಿಂಗಳಿಗೆ 9 ಲಕ್ಷ ವೇಫರ್‌ವರೆಗೂ ಬೇಕಾಗಬಹುದು ಎನ್ನುವ ಲೆಕ್ಕ ಅದರಲ್ಲಿತ್ತು. ಅಷ್ಟೂ ನಿಜಕ್ಕೂ ಕೊಳ್ಳುತ್ತಾರೋ ಇಲ್ಲವೋ, ಆ ಸುದ್ದಿಯೇ ಮಾರುಕಟ್ಟೆಗೆ ಬೆಂಕಿ ಹಚ್ಚಲು ಸಾಕಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ 'ಕ್ರೂಷಿಯಲ್' ಬ್ರಾಂಡಿನ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಅಂದರೆ ನಿಮ್ಮಂಥ ಅಂಗಡಿಗಳ ಕಡೆಯ ಕಿಟಕಿಗೆ ಷಟರ್ ಎಳೆದು, ಡೇಟಾ ಸೆಂಟರ್ ಕಡೆಯ ಕಿಟಕಿ ದೊಡ್ಡದು ಮಾಡಿತು. ಹಿಂದಿನ ಪೀಳಿಗೆಯ ಡಿಡಿಆರ್4 ಕಥೆಯೂ ಹಾಗೇ. ಅದನ್ನು ಮಾಡುವುದನ್ನು ಕ್ರಮೇಣ ನಿಲ್ಲಿಸುತ್ತೇವೆ ಎಂದು ಕಂಪನಿಗಳು 2025ರಲ್ಲೇ ಹೇಳತೊಡಗಿದ್ದವು. ಹೀಗಾಗಿ ಹಳೇ ಮಾಲಿಗೇ ಹೊಸ ಮಾಲಿನಷ್ಟು ದರ ಬಂತು. ಇದರ ಮೇಲೆ ಡಾಲರ್ ಕೂಡ ಅದೇ ಡಿಸೆಂಬರ್‌ನಲ್ಲಿ 90 ರೂಪಾಯಿ ದಾಟಿತು.

ಇನ್ನು ಒಂದಿಷ್ಟು ತಪ್ಪು ತಿಳಿವಳಿಕೆ. ಅಮೆರಿಕ ಸುಂಕ ಹಾಕಿದ್ದಕ್ಕೆ ನಮಗೆ ದರ ಏರಿತು ಎನ್ನುವವರು ತುಂಬ ಜನ. ಟ್ರಂಪ್ 2025ರ ಆಗಸ್ಟ್‌ನಲ್ಲಿ ಚಿಪ್‌ಗಳ ಮೇಲೆ 100 ಪರ್ಸೆಂಟ್ ಸುಂಕದ ಮಾತಾಡಿದ್ದು ನಿಜ. ಅಮೆರಿಕದಲ್ಲಿ ಫ್ಯಾಕ್ಟರಿ ಕಟ್ಟುವವರಿಗೆ ವಿನಾಯಿತಿ ಎಂದದ್ದೂ ನಿಜ. ಆದರೆ ಅಮೆರಿಕದ ಸುಂಕ ಕಟ್ಟುವವರು ಅಮೆರಿಕಕ್ಕೆ ಮಾಲು ತರಿಸುವವರು. ಕಲಬುರಗಿಗೆ ಬರುವ ರ‍್ಯಾಮ್ ಆ ಗೇಟು ದಾಟಿ ಬರುವುದಿಲ್ಲ. ಭಾರತವಂತೂ ಕಂಪ್ಯೂಟರ್ ಸಾಮಾನಿನ ಸುಂಕ ತೆಗೆಯುವ 1996ರ ಐಟಿ ಒಪ್ಪಂದಕ್ಕೆ ಸೇರಿದ ದೇಶ. ಚಿಪ್, ರ‍್ಯಾಮ್‌ನಂಥ ಕಂಪ್ಯೂಟರ್ ಭಾಗಗಳಿಗೆ ಇಲ್ಲಿ ಮೂಲ ಕಸ್ಟಮ್ಸ್ ಸುಂಕವೇ ಇಲ್ಲ. ನೀವು ಬಿಲ್ಲಿನಲ್ಲಿ ನೋಡುವುದು 18 ಪರ್ಸೆಂಟ್ ಜಿಎಸ್‌ಟಿ.

ಚೀನಾ ಕೊಡುವುದು ನಿಲ್ಲಿಸಿದ್ದಕ್ಕೆ ರ‍್ಯಾಮ್ ಇಲ್ಲ ಎನ್ನುವುದೂ ಅರ್ಧ ಸತ್ಯವೇ. ಹೈನಿಕ್ಸ್‌ನ ಒಂದು ದೊಡ್ಡ ಫ್ಯಾಕ್ಟರಿ ಚೀನಾದ ವೂಶಿಯಲ್ಲಿದೆ, ಅದು ನಡೆಯುತ್ತಿದೆ. ಉಳಿದ ಡಿರ‍್ಯಾಮ್ ಹೆಚ್ಚಿನದು ಬರುವುದು ಕೊರಿಯಾ, ತೈವಾನ್, ಜಪಾನ್‌ನಿಂದ.

ಹಾಗಾದರೆ ಜಗಳಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ. ಅದು ಸ್ವಲ್ಪ ಹಳೇ ಸಂಬಂಧ, ನನಗೆ ಇಷ್ಟವಾದ ಭಾಗವೂ ಹೌದು.

1980ರ ದಶಕದಲ್ಲಿ ಅಮೆರಿಕದ ಎದುರಾಳಿ ಚೀನಾ ಅಲ್ಲ, ಜಪಾನ್. ತೋಶಿಬಾ, ಎನ್‌ಇಸಿ, ಹಿಟಾಚಿ ಕಂಪನಿಗಳು ಡಿರ‍್ಯಾಮ್ ಅನ್ನು ಎಷ್ಟು ಚೆನ್ನಾಗಿ, ಎಷ್ಟು ಅಗ್ಗವಾಗಿ ಮಾಡಿದವು ಎಂದರೆ, ಇಂಟೆಲ್‌ನಂಥ ಕಂಪನಿ 1985ರಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು. ಅಮೆರಿಕ ಸುಮ್ನೆ ಕೂರಲಿಲ್ಲ. 1986ರಲ್ಲಿ ಜಪಾನ್ ಜೊತೆ ಒಪ್ಪಂದ ಮಾಡಿಸಿತು: ಇಷ್ಟಕ್ಕಿಂತ ಅಗ್ಗ ಮಾರಬಾರದು, ನಮ್ಮ ಚಿಪ್‌ಗೂ ನಿಮ್ಮಲ್ಲಿ ಜಾಗ ಕೊಡಬೇಕು ಅಂತ. ಜಪಾನ್ ಸರಿಯಾಗಿ ನಡೆದುಕೊಳ್ಳಲಿಲ್ಲ ಎಂದು 1987ರಲ್ಲಿ ಅಧ್ಯಕ್ಷ ರೇಗನ್ 30 ಕೋಟಿ ಡಾಲರ್ ಮೌಲ್ಯದ ಜಪಾನಿ ಸಾಮಾನಿನ ಮೇಲೆ 100 ಪರ್ಸೆಂಟ್ ಸುಂಕ ಹಾಕಿದರು. ಈಗ ಕೇಳುವ ಮಾತುಗಳೇ ಅಲ್ವಾ ಇವು? ಇಬ್ಬರ ಜಗಳದಲ್ಲಿ ಗೆದ್ದವರು ಮೂರನೆಯವರು. 1983ರಲ್ಲಷ್ಟೇ ಡಿರ‍್ಯಾಮ್‌ಗೆ ಕೈಹಾಕಿದ್ದ ಕೊರಿಯಾದ ಸ್ಯಾಮ್‌ಸಂಗ್ ಆ ಸಂದಿಯಲ್ಲಿ ನುಗ್ಗಿತು. ಜಪಾನಿನ ಕೊನೇ ಡಿರ‍್ಯಾಮ್ ಕಂಪನಿ ಎಲ್ಪಿಡಾ 2012ರಲ್ಲಿ ದಿವಾಳಿ ಎದ್ದಿತು, ಮಾರನೇ ವರ್ಷ ಮೈಕ್ರಾನ್ ಅದನ್ನು ಕೊಂಡಿತು. ಒಂದು ಕಾಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಅಂಗಡಿಗಳಿದ್ದ ಬೀದಿಯಲ್ಲಿ ಕೊನೆಗೆ ಉಳಿದದ್ದು ಮೂರು. ಇವತ್ತು ನಿಮ್ಮ ಪಾಳಿ ಇಷ್ಟುದ್ದ ಇರುವುದಕ್ಕೆ ಇದೂ ಒಂದು ಕಾರಣ.

ಈಗಿನ ಜಗಳ ನಾಲ್ಕನೇ ಅಂಗಡಿಗೆ, ಅಂದರೆ ಚೀನಾದ ಸಿಎಕ್ಸ್‌ಎಂಟಿಗೆ, ಬೇಲಿ ಹಾಕುತ್ತಿದೆ. 2022ರ ಅಕ್ಟೋಬರ್ 7ರಂದು ಅಮೆರಿಕ ಒಂದು ದೊಡ್ಡ ಆದೇಶ ಹೊರಡಿಸಿತು. ಮುಂದುವರಿದ ಚಿಪ್‌ಗಳನ್ನೂ ಅವುಗಳನ್ನು ಮಾಡುವ ಯಂತ್ರಗಳನ್ನೂ ಲೈಸೆನ್ಸ್ ಇಲ್ಲದೆ ಚೀನಾಕ್ಕೆ ಕೊಡುವ ಹಾಗಿಲ್ಲ ಎಂದಿತು. ಮುಂದುವರಿದ ಡಿರ‍್ಯಾಮ್ ಮಾಡುವ ಯಂತ್ರವೂ ಅದರಲ್ಲಿ ಬಂತು. 2024ರ ಡಿಸೆಂಬರ್‌ನಲ್ಲಿ ಎಚ್‌ಬಿಎಂ ಕೂಡ ಸೇರಿತು. ಚೀನಾ ತಿರುಗಿ ಏಟು ಕೊಟ್ಟಿತು. 2023ರ ಮೇನಲ್ಲಿ ತನ್ನ ಮುಖ್ಯ ಮೂಲಸೌಕರ್ಯಗಳಲ್ಲಿ ಮೈಕ್ರಾನ್ ಚಿಪ್ ಕೊಳ್ಳಬಾರದು ಎಂದಿತು. ಅದೇ ಆಗಸ್ಟ್‌ನಿಂದ ಚಿಪ್ ಕೆಲಸಕ್ಕೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಗ್ಯಾಲಿಯಂ ಅಂತೂ ಜಗತ್ತಿಗೆ ಬರುವುದೇ ಬಹುತೇಕ ಚೀನಾದಿಂದ. ಇಷ್ಟೆಲ್ಲ ಆದರೂ ಸಿಎಕ್ಸ್‌ಎಂಟಿ ಬೆಳೆಯುತ್ತಲೇ ಇದೆ. ಬೇಲಿ ಇಲ್ಲದಿದ್ದರೆ ಇನ್ನೂ ಬೇಗ ಬೆಳೆದು ದರಕ್ಕೆ ಸ್ವಲ್ಪ ಕಡಿವಾಣ ಹಾಕುತ್ತಿತ್ತು ಎನ್ನುವುದು ನನ್ನ ಅಂದಾಜು. ಜಗಳದ ಪಾಲು ಸಣ್ಣದು ಎಂದೆನಲ್ಲ, ಅದು ಇದೇ.

ಒಂದು ದೇಶ ಇನ್ನೊಂದರ ಕತ್ತು ಇಷ್ಟು ಸುಲಭವಾಗಿ ಹಿಡಿಯಲು ಹೇಗೆ ಸಾಧ್ಯ ಅಂತ ನಿಮಗೆ ಅನಿಸಬಹುದು. ನಮ್ಮ ಬೀದರಿನ ಬಿದರಿ ಕೆಲಸ ನೋಡಿದ್ದೀರಲ್ಲ? ಸತು, ತಾಮ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಬೆಳ್ಳಿ ತಂತಿಯೂ ಸಿಗುತ್ತದೆ. ಆದರೆ ಕೊನೆಗೆ ಆ ಕಪ್ಪು ಬಣ್ಣ ಬರಲು ಬೀದರ್ ಕೋಟೆಯ ಮಣ್ಣೇ ಬೇಕು ಎನ್ನುತ್ತಾರೆ ಕಸುಬುದಾರರು. ಮಣ್ಣು ತರುವ ದಾರಿ ಮುಚ್ಚಿದರೆ ಎಷ್ಟು ಬೆಳ್ಳಿ ಇದ್ದು ಏನು? ಚಿಪ್ ಕಸುಬಿನಲ್ಲಿ ಇಂಥ 'ಕೋಟೆಯ ಮಣ್ಣು' ಒಂದಲ್ಲ, ಹತ್ತಾರು. ಅತಿ ಸೂಕ್ಷ್ಮ ಚಿಪ್ ಮೇಲೆ ಗೆರೆ ಮೂಡಿಸುವ ಇಯುವಿ ಯಂತ್ರ ಮಾಡುವುದು ಇಡೀ ಜಗತ್ತಿನಲ್ಲಿ ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಒಂದೇ. ಆ ಯಂತ್ರದ ಕನ್ನಡಿ ಜರ್ಮನಿಯ ಝೈಸ್‌ನದ್ದು. ಅದರೊಳಗೆ ಸೆಕೆಂಡಿಗೆ 50,000 ತವರದ ಹನಿಗಳನ್ನು ಲೇಸರ್‌ನಿಂದ ಹೊಡೆದು ಬೆಳಕು ಹುಟ್ಟಿಸುತ್ತಾರೆ. ಕೆಲವು ರಾಸಾಯನಿಕಕ್ಕೆ ಜಪಾನೇ ಗತಿ. 2019ರಲ್ಲಿ ಜಪಾನ್ ಮೂರೇ ಮೂರು ರಾಸಾಯನಿಕಗಳ ರಫ್ತು ಬಿಗಿ ಮಾಡಿದ್ದಕ್ಕೆ ಕೊರಿಯಾ ನಡುಗಿತ್ತು. ವಾಟ್ಸಪ್‌ನಲ್ಲಿ 'ಚಿಪ್ ಅಂದ್ರೆ ಮರಳು, ಭೀಮಾ ನದಿಯಲ್ಲಿ ಬೇಕಾದಷ್ಟಿದೆ, ನಾವೇ ಮಾಡಬಹುದು' ಅಂತ ಬರುತ್ತದಲ್ಲ, ಅದಕ್ಕೆ ಉತ್ತರ ಇದು. ಮರಳು ಇಲ್ಲಿ ಲೆಕ್ಕಕ್ಕೇ ಇಲ್ಲ.

ಬಿದರಿ ಮಾತು ಬಂತೆಂದು ಇನ್ನೊಂದು ಹೇಳಿಬಿಡುತ್ತೇನೆ. ಚಿಪ್ ಒಳಗೆ ತಾಮ್ರದ ತಂತಿ ಹಾಕುವ ವಿಧಾನಕ್ಕೆ 'ಡಮಾಸಿನ್' ಎನ್ನುತ್ತಾರೆ. ಡಮಾಸ್ಕಸ್ ಊರಿನ ಲೋಹದ ಕುಸುರಿಯಿಂದ ಬಂದ ಹೆಸರು. ಮೊದಲು ಗೀರು ಕೊರೆಯುವುದು, ಅದರಲ್ಲಿ ಲೋಹ ತುಂಬುವುದು, ಮೇಲೆ ಉಳಿದದ್ದನ್ನು ಉಜ್ಜಿ ಸಪಾಟು ಮಾಡುವುದು. ನಮ್ಮ ಬಿದರಿಯವರು ಹುಕ್ಕಾ ಮೇಲೆ ಮಾಡುತ್ತಿದ್ದುದೂ ಇದನ್ನೇ. ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು.

ಈಗ ನಿಮ್ಮ ಐದು ಲಕ್ಷ. ಇದಕ್ಕೆ ಕಲಬುರಗಿಯವರಿಗೆ ನಾನು ಪಾಠ ಹೇಳಬೇಕಾಗಿಲ್ಲ, ನೀವೇ ಗಂಜ್‌ನಲ್ಲಿ ನೋಡಿದ್ದೀರಿ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮಾರನೇ ಮುಂಗಾರಿಗೆ ಎಲ್ಲರೂ ತೊಗರಿ ಬಿತ್ತಿದರು. 2017ರ ಹೊತ್ತಿಗೆ ಬೆಂಬಲ ಬೆಲೆಗಿಂತ ಕೆಳಗೆ ಮಾರಿಕೊಂಡು ಹೋದರು. ಮೆಮೊರಿ ಚಿಪ್ ಹೆಚ್ಚೂಕಮ್ಮಿ ತೊಗರಿಯ ಜಾತಿಯದ್ದೇ. 2017–18ರಲ್ಲಿ ಏರಿ 2019ರಲ್ಲಿ ಬಿತ್ತು. 2021ರಲ್ಲಿ ಏರಿ 2022–23ರಲ್ಲಿ ಬಿತ್ತು. ಒಂದು ವ್ಯತ್ಯಾಸ ಇದೆ. ತೊಗರಿ ಬಿತ್ತಿದರೆ ಆರೇಳು ತಿಂಗಳಿಗೆ ರಾಶಿ. ಚಿಪ್ ಫ್ಯಾಕ್ಟರಿ ಕಟ್ಟಿ ಮಾಲು ತೆಗೆಯಲು ಎರಡು ಮೂರು ವರ್ಷ. ಅದಕ್ಕೇ ಏರಿದ ದರ ಇಳಿಯಲೂ ಹೊತ್ತು ಹಿಡಿಯುತ್ತದೆ, ಇಳಿಯಲು ಶುರುವಾದರೆ ಹಿಡಿಯುವವರೂ ಇರುವುದಿಲ್ಲ. ಯಾವ ತಿಂಗಳು ಇಳಿಯುತ್ತದೆ ಎಂದು ಹೇಳುವವನನ್ನು ನಂಬಬೇಡಿ, ಅವನು ನಿಮಗೆ ಮಾಲು ಮಾರುವವನಾಗಿದ್ದರಂತೂ.

ನನ್ನದೇ ಒಂದು ಕಥೆ ಹೇಳುತ್ತೇನೆ. 2021ರಲ್ಲಿ ಚಿಪ್ ಬರ ಬಂದಾಗ ನಾನು ಕರೆಂಟ್ ಮೀಟರ್ ಮಾಡುವ ಒಂದು ಕಂಪನಿಯಲ್ಲಿದ್ದೆ. ನಮಗೆ ಬೇಕಾಗಿದ್ದದ್ದು 80 ರೂಪಾಯಿಯ ಒಂದು ಸಣ್ಣ ಚಿಪ್. ಅದು ಸಿಗದೆ ಮೀಟರುಗಳ ರಾಶಿ ಅರ್ಧಕ್ಕೆ ನಿಂತಿತ್ತು. ಮೇಲಿನವರ ಒತ್ತಡಕ್ಕೆ ಒಬ್ಬ ಬ್ರೋಕರ್ ಹತ್ತಿರ ಒಂದಕ್ಕೆ 1,400 ರೂಪಾಯಿ ಕೊಟ್ಟು ತಗೊಂಡೆ. ಮೊದಲ ಡಬ್ಬಿ ಸರಿ ಇತ್ತು. ಎರಡನೇ ಡಬ್ಬಿಯಲ್ಲಿ ಬಂದದ್ದು ಹಳೇ ಬೋರ್ಡಿನಿಂದ ಕಿತ್ತ ಚಿಪ್, ಮೇಲಿನ ಅಕ್ಷರ ಉಜ್ಜಿ ಹೊಸ ನಂಬರ್ ಹೊಡೆದದ್ದು. ಅಸಿಟೋನ್ ಹತ್ತಿ ಸವರಿದರೆ ಅಕ್ಷರವೇ ಅಳಿಸಿಹೋಯಿತು. ಅದಾದ ಮೇಲೆ ಹೆದರಿ ಅಸಲಿ ಕಂಪನಿಗೇ ಒಂದೂವರೆ ವರ್ಷದ ಆರ್ಡರ್ ಒಟ್ಟಿಗೆ ಹಾಕಿದೆ. ಆ ಮಾಲು ಬಂದು ಇಳಿದಾಗ 2023. ಯಾರಿಗೂ ಬೇಡ. ಗೋದಾಮಿನಲ್ಲಿ ಕೂತ ಆ ರೀಲುಗಳನ್ನು ಕೊನೆಗೆ ಕಾಲು ದರಕ್ಕೆ ಕೊಟ್ಟೆವು. ಅದು ಕಂಪನಿ ದುಡ್ಡು, ನನ್ನ ಇನ್‌ಕ್ರಿಮೆಂಟ್ ಮಾತ್ರ ಹೋಯಿತು. ನಿಮ್ಮದು ಮನೆ ಬಂಗಾರ.

ಲೆಕ್ಕ ಹಾಕಿ ನೋಡಿ. ದರ ಇನ್ನೂ ಏರಿದರೆ ಸ್ಟಾಕ್ ಇಟ್ಟವರಿಗೆ ಲಾಭ, ಅದು ನಿಜವೇ. ಕೆಲವರು ಈ ಸಲ ಚೆನ್ನಾಗಿ ಮಾಡಿಕೊಂಡಿದ್ದಾರೆ. ಆದರೆ ಅವರು ಕೊಂಡದ್ದು ಏರುವ ಮೊದಲು. ಎರಡು ಮೂರು ಪಟ್ಟು ಏರಿದ ಮೇಲೆ ಸಾಲ ಮಾಡಿ ಕೊಳ್ಳುವವನು ಬಡ್ಡಿಯನ್ನೂ ಕಟ್ಟಬೇಕು, ದರ ಇಳಿಯುವ ಭಯವನ್ನೂ ಹೊರಬೇಕು. ಮೂರು ನಾಲ್ಕು ವಾರಕ್ಕೆ ಸಾಕಾಗುವಷ್ಟು ಮಾಲು ಇಟ್ಟುಕೊಳ್ಳಿ, ಅದೂ ನಿಮ್ಮ ಸ್ವಂತ ದುಡ್ಡಿನಲ್ಲಿ. ಕೊಟೇಶನ್ ಮೇಲೆ 'ಎರಡು ದಿನ ಮಾತ್ರ' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಅಡ್ವಾನ್ಸ್ ಬಂದ ದಿನವೇ ಮಾಲು ಬುಕ್ ಮಾಡಿ. ಗಿರಾಕಿ ಸಿಟ್ಟಾದರೆ ಹೋಲ್‌ಸೇಲ್ ಬಿಲ್ಲನ್ನೇ ತೆಗೆದು ತೋರಿಸಿ. ಮುಚ್ಚಿಟ್ಟಷ್ಟೂ ಅನುಮಾನ ಜಾಸ್ತಿ.

ಇನ್ನೊಂದು ದಾರಿ ನಿಮ್ಮ ಅಂಗಡಿಯಲ್ಲೇ ಇದೆ. ಹಳೇ ಪಿಸಿ, ಕೆಟ್ಟ ಲ್ಯಾಪ್‌ಟಾಪ್‌ಗಳ ರ‍್ಯಾಮ್. ರಿಪೇರಿ ಅಂಗಡಿಗೆ ಈ ಬರದಲ್ಲಿ ಇರುವ ಅನುಕೂಲ ಆನ್‌ಲೈನ್ ಕಂಪನಿಗಳಿಗೂ ಇಲ್ಲ. ಹಳೇ ಮಷಿನ್ ಒಳ್ಳೇ ದರಕ್ಕೆ ವಾಪಸ್ ತಗೊಳ್ಳುತ್ತೇವೆ ಎಂದು ಬೋರ್ಡ್ ಹಾಕಿ. ಕಿತ್ತ ರ‍್ಯಾಮ್ ಅನ್ನು ರಾತ್ರಿಯಿಡೀ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ಬಿಡಿ, ಒಂದೇ ಒಂದು ಎರರ್ ಬಂದರೂ ಮಾರಬೇಡಿ. ಸೆಕೆಂಡ್ ಹ್ಯಾಂಡ್ ಎಂದು ಬಿಲ್ಲಿನಲ್ಲೇ ಬರೆದು ಮೂರು ತಿಂಗಳ ಗ್ಯಾರಂಟಿ ಕೊಡಿ. ಅಪಾಯ ಇರುವುದು ನೀವು ಹೊರಗಿನಿಂದ ಲಾಟ್‌ನಲ್ಲಿ ಕೊಳ್ಳುವಾಗ. ದರ ಏರಿದಾಗ ನಕಲಿ ಸ್ಟಿಕ್ಕರ್ ಕೂಡ ಏರುತ್ತದೆ. ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ತಯಾರಕರ ಹೆಸರು, ಸ್ಪೀಡ್ ಸ್ಟಿಕ್ಕರ್‌ಗೆ ಹೊಂದುತ್ತದಾ ನೋಡಿ. ಎಸ್‌ಎಸ್‌ಡಿಗೆ ಪೂರ್ತಿ ಡೇಟಾ ತುಂಬಿ ಓದಿಸಿ ನೋಡದೆ 1 ಟಿಬಿ ಎಂದು ನಂಬಬೇಡಿ.

ಜಗಳ ನಿಜಕ್ಕೂ ನಿಮ್ಮ ಅಂಗಡಿಗೆ ಬಂದದ್ದು ಬೇರೆ ಕಪಾಟಿನಿಂದ: ಸಿಸಿಟಿವಿ. ಒಂದು ಕಾಲಕ್ಕೆ ಎಷ್ಟೋ ಬ್ರಾಂಡಿನ ಕ್ಯಾಮೆರಾಗಳೊಳಗೆ ಇದ್ದದ್ದು ಚೀನಾದ ಹುವಾವೆ ಕಂಪನಿಯ ಹೈಸಿಲಿಕಾನ್ ಚಿಪ್. 2019ರ ಮೇನಲ್ಲಿ ಅಮೆರಿಕ ಹುವಾವೆಯನ್ನು ನಿರ್ಬಂಧ ಪಟ್ಟಿಗೆ ಹಾಕಿತು. 2020ರಲ್ಲಿ ಅಮೆರಿಕದ ಯಂತ್ರ ಬಳಸುವ ಯಾವ ಫ್ಯಾಕ್ಟರಿಯೂ ಲೈಸೆನ್ಸ್ ಇಲ್ಲದೆ ಹುವಾವೆಗೆ ಚಿಪ್ ಮಾಡಿಕೊಡಬಾರದು ಎಂದಿತು. ಹುವಾವೆಗೆ ಚಿಪ್ ಮಾಡಿಕೊಡುತ್ತಿದ್ದ ತೈವಾನಿನ ಟಿಎಸ್‌ಎಂಸಿ ಕೈಬಿಟ್ಟಿತು. ಕ್ಯಾಮೆರಾ ಮಾಡುವವರು ಚಿಪ್ ಬದಲಿಸಿದರು. ಆಗ ಒಂದೇ ಮಾಡೆಲ್ ನಂಬರಿನ ಕ್ಯಾಮೆರಾಕ್ಕೆ ಹಳೇ ಸಾಫ್ಟ್‌ವೇರ್ ಕೂರುತ್ತಿಲ್ಲ ಎಂದು ತಲೆ ಕೆರೆದುಕೊಂಡಿರಬೇಕು ನೀವು. ನಮ್ಮ ಸರ್ಕಾರವೂ 2025ರ ಏಪ್ರಿಲ್ 9ರಿಂದ ಸಿಸಿಟಿವಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಒಳಗಿನ ಮುಖ್ಯ ಚಿಪ್ ಎಲ್ಲಿಯದು ಎನ್ನುವುದೂ ಅದರಲ್ಲಿ ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಸರ್ಟಿಫಿಕೇಟ್ ಇಲ್ಲದ ಮಾಲು ಎತ್ತಿದರೆ ಅದು ಉಳಿದುಹೋಗುತ್ತದೆ. ನಿಮ್ಮ ಐದು ಲಕ್ಷದ ಯೋಚನೆಗಿಂತ ಇದರ ಕಡೆ ಜಾಸ್ತಿ ಗಮನ ಕೊಡಿ.

ಗುಜರಾತಿನ ಪ್ರಶ್ನೆಗೆ ಬರೋಣ. ಧೋಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಜೊತೆ 91,000 ಕೋಟಿ ರೂಪಾಯಿಯ ಫ್ಯಾಕ್ಟರಿ ಕಟ್ಟುತ್ತಿದ್ದಾರೆ. ತಿಂಗಳಿಗೆ 50,000 ವೇಫರ್ ಗುರಿ. ಆದರೆ ಅಲ್ಲಿ ಮಾಡುವುದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ದಪ್ಪ ಗೆರೆಯ ಚಿಪ್: ಕಾರು, ಡಿಸ್‌ಪ್ಲೇ, ಪವರ್ ಸಪ್ಲೈಗೆ ಬೇಕಾದವು. ರ‍್ಯಾಮ್ ಅಲ್ಲ. ಸಾನಂದ್‌ನಲ್ಲಿ ಮೈಕ್ರಾನ್‌ನದ್ದಿದೆ, ಅದು ಮೆಮೊರಿಯದ್ದೇ. ಆದರೆ ವೇಫರ್ ಹೊರದೇಶದಿಂದ ಬರುತ್ತದೆ, ಇಲ್ಲಿ ಕತ್ತರಿಸಿ, ಪ್ಯಾಕ್ ಮಾಡಿ, ಪರೀಕ್ಷೆ ಮಾಡುತ್ತಾರೆ. ಬೇರೆ ಕಡೆಯ ತೊಗರಿ ತಂದು ಇಲ್ಲಿನ ಮಿಲ್ಲಿನಲ್ಲಿ ಬೇಳೆ ಮಾಡಿದ ಹಾಗೆ. ಮಿಲ್ಲಿಗೆ ಕೆಲಸ ಸಿಗುತ್ತದೆ, ಊರಿಗೆ ಒಳ್ಳೆಯದು, ಆದರೆ ಬೇಳೆ ದರ ತೊಗರಿ ದರದ ಮೇಲೇ ನಿಲ್ಲುತ್ತದೆ. ನೀವು ಕೊಡುವ ದರ ಜಗತ್ತಿನ ದರವೇ.

ಅದಕ್ಕೆಂದು ಧೋಲೇರಾ ದಂಡ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. '28 ನ್ಯಾನೋಮೀಟರ್ ಅಂದ್ರೆ ಹಳಸಲು' ಎಂದು ನಗುವವರು 2025ರ ಅಕ್ಟೋಬರ್‌ನಲ್ಲಿ ಏನಾಯಿತು ನೋಡಬೇಕು. ನೆಕ್ಸ್‌ಪೀರಿಯಾ ಅಂತ ಒಂದು ಕಂಪನಿ. ನೆದರ್‌ಲ್ಯಾಂಡ್ಸಿನಲ್ಲಿ ಕಚೇರಿ, ಮಾಲೀಕರು ಚೀನಾದವರು. ಮಾಡುವುದು ಡಯೋಡ್, ಟ್ರಾನ್ಸಿಸ್ಟರ್‌ನಂಥ ಪುಡಿ ಸಾಮಾನು. ಸೆಪ್ಟೆಂಬರ್ ಕೊನೆಗೆ ಡಚ್ ಸರ್ಕಾರ ಕಂಪನಿಯ ಮೇಲೆ ಹಿಡಿತ ತಗೊಂಡಿತು. ನಾಲ್ಕೇ ದಿನಕ್ಕೆ ಚೀನಾ, ತನ್ನ ನೆಲದಲ್ಲಿ ಪ್ಯಾಕ್ ಆದ ಆ ಕಂಪನಿಯ ಮಾಲು ಹೊರಹೋಗದಂತೆ ತಡೆಯಿತು. ಹೋಂಡಾದಂಥ ಕಂಪನಿ ಉತ್ತರ ಅಮೆರಿಕದಲ್ಲಿ ಕಾರು ಉತ್ಪಾದನೆ ಕಡಿಮೆ ಮಾಡಬೇಕಾಯಿತು. ಲಕ್ಷಗಟ್ಟಲೆ ಬೆಲೆಯ ಕಾರು, ಚಿಲ್ಲರೆ ಕಾಸಿನ ಭಾಗಕ್ಕೆ ಕಾದು ನಿಂತಿತು. ಕೋಣ ಕೋಣ ಹಾಯ್ದಾಡಿದರೆ ನಡುವಿನ ಗಿಡಕ್ಕೆ ಸಾವು ಅನ್ನುತ್ತಾರಲ್ಲ, ಹಾಗೆ. ಇಂಥ ಸಾಮಾನು ನಮ್ಮಲ್ಲೇ ಆದರೆ ಪಾಳಿಯಲ್ಲಿ ನಾವು ನಾಲ್ಕು ಹೆಜ್ಜೆ ಮುಂದೆ ಹೋಗುತ್ತೇವೆ. ಬೇಗ ಆಗುವ ಕೆಲಸ ಅಲ್ಲ. ಮೊಹಾಲಿಯಲ್ಲಿ 1984ರಲ್ಲೇ ನಮ್ಮ ಸರ್ಕಾರಿ ಚಿಪ್ ಫ್ಯಾಕ್ಟರಿ ಶುರುವಾಗಿತ್ತು. 1989ರಲ್ಲಿ ಬೆಂಕಿ ಬಿದ್ದು ನೆಲ ಕಚ್ಚಿತು, ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಅದೇ ಮೊಹಾಲಿಯಲ್ಲಿ ತಯಾರಾದ ಇಸ್ರೋದ 'ವಿಕ್ರಮ್' ಚಿಪ್ ಅನ್ನು 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಗೆ ಕೊಟ್ಟಿದ್ದನ್ನು ಟಿವಿಯಲ್ಲಿ ನೋಡಿರಬಹುದು.

ಕೊನೆಗೆ ಮಗನ ವಿಷಯ. ಹುಡುಗನ ಆಸೆ ಕೆಟ್ಟದ್ದೇನಲ್ಲ. ಫ್ಯಾಕ್ಟರಿಯಲ್ಲಿ ನಾವು ಹಿಂದೆ ಇದ್ದರೂ ಡಿಸೈನ್‌ನಲ್ಲಿ ಹಾಗಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಈ ಕೆಲಸ ಇಲ್ಲಿ ಬೇರು ಬಿಟ್ಟಿದೆ. ಜಗತ್ತಿನ ಚಿಪ್ ಡಿಸೈನ್ ಇಂಜಿನಿಯರುಗಳಲ್ಲಿ ಐದರಲ್ಲಿ ಒಬ್ಬರು ಭಾರತದವರು ಎನ್ನುವುದು ಸರ್ಕಾರ ಕೊಡುವ ಲೆಕ್ಕ. ಆದರೆ ಅವನಿಗೆ ಎರಡು ಮಾತು ಮೊದಲೇ ಹೇಳಿ. ಕೆಲಸ ಕಲಬುರಗಿಯಲ್ಲಿ ಸಿಗುವುದಿಲ್ಲ, ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಈ ಉದ್ಯಮ ಏರುವಾಗ ಕೈತುಂಬ ಕೊಡುತ್ತದೆ, ಇಳಿಯುವಾಗ ಮುಲಾಜಿಲ್ಲದೆ ಮನೆಗೆ ಕಳಿಸುತ್ತದೆ.

ಆ ಎರಡು ಲಕ್ಷ ಕೊಡಬೇಡಿ. ಕೆಲಸ ಯಾರೂ ಗ್ಯಾರಂಟಿ ಕೊಡಲಾರರು, ಕೊಡುತ್ತೇನೆ ಎಂದವನ ಕಾಗದದ ಕೆಳಗಿನ ಸಣ್ಣ ಅಕ್ಷರ ಓದಿ. ನಾನು ಇಂಟರ್‌ವ್ಯೂಗಳಲ್ಲಿ ಕೂತಿದ್ದೇನೆ. ಸಾಫ್ಟ್‌ವೇರ್ ಬಟನ್ ಒತ್ತಲು ಕಲಿತು ಬಂದವರು ಬಹಳ ಜನ. ಒಂದು ಟ್ರಾನ್ಸಿಸ್ಟರ್ ಯಾಕೆ ಬಿಸಿಯಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಸಾಮಾನ್ಯ ಇಸಿಇ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್) ಸೀಟು ಸಾಕು. ಡಿಜಿಟಲ್, ಅನಲಾಗ್, ಗಣಿತ ಗಟ್ಟಿಯಾಗಲಿ. ಸಿ ಭಾಷೆ, ಲಿನಕ್ಸ್, ಆಮೇಲೆ ಚಿಪ್ ಡಿಸೈನ್ ಬರೆಯುವ ಭಾಷೆ ವೆರಿಲಾಗ್ ಕಲಿಯಲಿ. ಎನ್‌ಪಿಟಿಇಎಲ್ ಎಂಬ ಜಾಲತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಇದೆ. ಕಾಲೇಜು ಆರಿಸುವಾಗ ಒಂದು ಪ್ರಶ್ನೆ ಕೇಳಿ: ಕೇಂದ್ರ ಸರ್ಕಾರದ 'ಚಿಪ್ಸ್ ಟು ಸ್ಟಾರ್ಟಪ್' ಯೋಜನೆಯಲ್ಲಿ ನೀವು ಇದ್ದೀರಾ ಅಂತ. ಕಂಪನಿಗಳು ಬಳಸುವ ದುಬಾರಿ ಡಿಸೈನ್ ಸಾಫ್ಟ್‌ವೇರ್ ಅದರಡಿ ಕಾಲೇಜಿಗೆ ಸಿಗುತ್ತದೆ. 85,000 ಇಂಜಿನಿಯರುಗಳನ್ನು ತಯಾರು ಮಾಡುವ ಗುರಿ ಅದರದ್ದು. ಇನ್ನೊಂದು ಸಣ್ಣ ಸಲಹೆ. ರಜೆಯಲ್ಲಿ ಅವನನ್ನು ನಿಮ್ಮ ರಿಪೇರಿ ಟೇಬಲ್ ಮುಂದೆ ಕೂರಿಸಿ. ಸತ್ತ ಬೋರ್ಡಿನಲ್ಲಿ ಮಲ್ಟಿಮೀಟರ್ ಹಿಡಿದು ಶಾರ್ಟ್ ಹುಡುಕಿದ ಹುಡುಗ ಕ್ಲಾಸಿನಲ್ಲಿ ಬೇರೆಯೇ ಥರ ಪಾಠ ಕೇಳುತ್ತಾನೆ.

ಆಳಂದದ ಶಾಲೆಯನ್ನು ಮರೆತಿಲ್ಲ. ಕೊಟ್ಟ ಮಾತು ತಪ್ಪುವುದೂ ಬೇಡ, ಹನ್ನೆರಡು ಮಷಿನ್‌ಗೆ ಕೈಯಿಂದ ಹಾಕುವುದೂ ಬೇಡ. ಹೆಡ್‌ಮಾಸ್ಟರ್ ಹತ್ತಿರ ಹಳೇ ಕೊಟೇಶನ್, ಈಗಿನ ಹೋಲ್‌ಸೇಲ್ ಬಿಲ್ಲು ಎರಡನ್ನೂ ತಗೊಂಡು ಹೋಗಿ ಎದುರು ಕೂತು ಮಾತಾಡಿ, ಫೋನಿನಲ್ಲಿ ಬೇಡ. 16 ಜಿಬಿ ಬರೆದಿದ್ದರೆ 8 ಜಿಬಿಯ ಒಂದೇ ಸ್ಟಿಕ್ ಹಾಕಿ, ಅದಕ್ಕೆ ತಕ್ಕಂತೆ ದರ ಹೊಂದಿಸಿಕೊಂಡು, ಹೊಸದಾಗಿ ಬರೆಸಿಕೊಳ್ಳಿ. ಎರಡು ಸ್ಟಿಕ್ ಇದ್ದಷ್ಟು ಚುರುಕಾಗಿ ಓಡುವುದಿಲ್ಲ. ಆದರೆ ಮಕ್ಕಳು ಟೈಪಿಂಗ್, ನುಡಿ, ಎಕ್ಸೆಲ್, ಸ್ವಲ್ಪ ಪೈಥಾನ್ ಕಲಿಯಲು ಧಾರಾಳವಾಗಿ ಸಾಕು. ಎರಡನೇ ಸ್ಲಾಟ್ ಖಾಲಿ ಬಿಡಿ. ದರ ಇಳಿದ ಮೇಲೆ ಅಸಲು ರೇಟಿಗೆ ನಾನೇ ಬಂದು ಹಾಕಿಕೊಡುತ್ತೇನೆ ಎಂದು ಅದೇ ಬಿಲ್ಲಿನ ಕೆಳಗೆ ಬರೆದು ಸಹಿ ಹಾಕಿ ಕೊಡಿ.